ಕಾವಲಿನ ಕುರುಹುಗಳು, ಇತಿಹಾಸದ ಸಾಕ್ಷ್ಯ

ಪೋಲೀಸು ವಸ್ತುಸಂಗ್ರಹಾಲಯವೆಂಬುದು ಬಹುಮಟ್ಟಿಗೆ ಬಂಧಿಸಿದವರು ಬರೆದ ಇತಿಹಾಸ. ಕಲಕತ್ತೆಯಲ್ಲಿ ರಾಜಾ ರಾಮಮೋಹನರಾಯರ ಮನೆಯೊಂದರಲ್ಲಿ 1996ರಲ್ಲಿ ತೆರೆದ ಸಂಗ್ರಹಾಲಯವು ಇದಕ್ಕೆ ನಿದರ್ಶನ. 1908ರಲ್ಲಿ ನ್ಯಾಯಾಧೀಶ ಕಿಂಗ್ಸ್‌ಫರ್ಡನಿಗೆ ಕ್ರಾಂತಿಕಾರಿಗಳು ಕಳುಹಿಸಿದ ಬಾಂಬು ಅಲ್ಲಿನ ಪ್ರಸಿದ್ಧ ವಸ್ತು. ಕಾನೂನು ಗ್ರಂಥವೊಂದರ ಹಾಳೆಗಳನ್ನು ಕೊರೆದು ಅದನ್ನು ಹುದುಗಿಸಿದ್ದರು. ಪೋಲೀಸರಿಗೆ ಅದು ಅಪರಾಧದ ಪುರಾವೆ. ಕಳುಹಿಸಿದವರಿಗೆ ಆ ಕಾನೂನಿನ ಮೇಲಿತ್ತ ತೀರ್ಪು.

ಮಾಜಿವಾಡಾದ ಕನ್ನಡಿಗರು ಇಂಥ ದ್ವಂದ್ವವನ್ನು ತಮ್ಮ ಊರಿನಲ್ಲಿಯೇ ಕಾಣಬಹುದು. ಪೋರ್ಚುಗೀಸರು 1730ರಲ್ಲಿ ಆರಂಭಿಸಿದ ಠಾಣೆಯ ಕೋಟೆ 1737ರಲ್ಲಿ ಮರಾಠರ ವಶವಾಯಿತು. 1774ರಲ್ಲಿ ಇಂಗ್ಲಿಷರದಾಗಿ, ಮುಂದೆ ಸೆರೆಮನೆಯಾಯಿತು. ಕಂಪನಿ ಸರಕಾರಕ್ಕೆ ದರೋಡೆಗಾರನೂ ಕೋಳಿ ಜನಕ್ಕೆ ನಾಯಕನೂ ಆಗಿದ್ದ ರಾಘೋಜಿ ಭಾಂಗ್ರೆಯನ್ನು 1848ರಲ್ಲಿ ಇಲ್ಲಿಯೇ ಗಲ್ಲಿಗೇರಿಸಿದರು. ನಾಸಿಕದ ಕಲೆಕ್ಟರ್ ಜಾಕ್ಸನನ ಕೊಲೆಗಾಗಿ ಅನಂತ ಕಾನ್ಹೇರೆ, ಕರ್ವೆ, ದೇಶಪಾಂಡೆಯವರಿಗೆ 1910ರ ಏಪ್ರಿಲ್ 19ರಂದು ಅದೇ ಗತಿಯಾಯಿತು. ಜಾಕ್ಸನನಾದರೋ ಸಂಸ್ಕೃತ ವಿದ್ವಾಂಸನೆಂದು ಹೆಸರಾದವನು.

ಹಾಗೆಂದು ಫಲಕವನ್ನು ತಿರುವಿಬರೆದು ಹುತಾತ್ಮರನ್ನಷ್ಟೇ ಸ್ಮರಿಸಿದರೆ ಸಾಲದು. 1942ರಲ್ಲಿ ಈಸೂರಿನಲ್ಲಿ ಹತರಾದ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಕನ್ನಡ ನಾಡಿನವರೇ. 1943ರಲ್ಲಿ ಗಲ್ಲಿಗೇರಿದ ಐವರೂ ಕನ್ನಡಿಗರೇ. ಒಂದು ಸಾವನ್ನು ಕರ್ತವ್ಯವೆಂದೂ ಇನ್ನೊಂದನ್ನು ಶಿಕ್ಷೆಯೆಂದೂ ಕರೆಯುವ ಫಲಕ ಅರ್ಧಸತ್ಯವನ್ನು ಹೇಳುತ್ತದೆ. ಒಂದನ್ನು ಬಲಿದಾನವೆಂದು ಹಾಡಿ ಇನ್ನೊಂದನ್ನು ಮರೆಯುವ ಸ್ಮಾರಕವೂ ಅಷ್ಟೇ. ಲಾಠಿ, ಬೇಡಿ, ಪಿಸ್ತೂಲುಗಳು ತಾವಾಗಿ ಮಾತನಾಡವು. ಬಳಸಿದವನ ಹೆಸರಿನೊಡನೆ ಅವುಗಳಿಂದ ನೊಂದವನ ಹೆಸರನ್ನೂ ಬರೆದಾಗಲೇ ಅವು ಇತಿಹಾಸದ ಸಾಕ್ಷ್ಯಗಳೆನಿಸುತ್ತವೆ.