ಮೊಣಕೈಗೂ ಒಂದು ಗುಂಡಿ

ಮೊದಲು ಹೊಗಳಬೇಕಾದ್ದು ಪೆಟ್ಟಿಗೆಯನ್ನು. ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ ಎಂಬ ಆಟದ ಸಾಧನ ಬರುವ ರಟ್ಟಿನ ಪೆಟ್ಟಿಗೆಗೆ ಎಲ್ಲೆಲ್ಲಿ ಬಿಚ್ಚಬೇಕೋ ಅಲ್ಲೆಲ್ಲ ಒಂದೊಂದು ಕುಣಿಕೆ ಇಟ್ಟಿದ್ದಾರೆ. ಬೆರಳು ತೂರಿಸಿ ಎಳೆಯಬಹುದು. ಬೆರಳಿನಲ್ಲಿ ಬಲವಿಲ್ಲದವರು ಮಣಿಕಟ್ಟು ತೂರಿಸಿದರೂ ನಡೆಯುತ್ತದೆ. ಅಂಟುಪಟ್ಟಿ ಬಿಡುತ್ತದೆ, ಮುಚ್ಚಳ ಹಿಂದಕ್ಕೆ ವಾಲುತ್ತದೆ, ಒಳಗಿನ ಕುಣಿಕೆ ಎಳೆದರೆ ಸಾಧನ ಜಾರಿಕೊಂಡು ಹೊರಗೆ ಬರುತ್ತದೆ. ಯಾರೂ ಹಲ್ಲು ಬಳಸುವ ಪ್ರಸಂಗ ಬರಬಾರದು ಎಂಬುದು ಇದನ್ನು ರೂಪಿಸಿದವರು ತಮಗೆ ತಾವೇ ಹಾಕಿಕೊಂಡಿದ್ದ ನಿಯಮ. ಒಂದೇ ಕೈಯಲ್ಲಿ ಬಿಸ್ಕತ್ ಪೊಟ್ಟಣ ಬಿಚ್ಚಲು ಹೆಣಗಿದವರಿಗೆ ಈ ನಿಯಮದ ಬೆಲೆ ಗೊತ್ತು.

ದಾವಣಗೆರೆಯ ಆನೆಕೊಂಡದಲ್ಲಿ ನಮ್ಮ ಮನೆಯ ಮೇಲ್ಮಹಡಿಗೆ ಬಾಡಿಗೆಗೆ ಬಂದವರ ಮಗನಿಗೆ ಇದನ್ನು ಟೆಕ್ಸಾಸಿನಲ್ಲಿರುವ ಅವನ ಅತ್ತೆ ತಂದುಕೊಟ್ಟಳು. ಹೆರಿಗೆಯ ಹೊತ್ತಿನಲ್ಲಿ ಭುಜದ ನರ ಜಗ್ಗಿ ಹುಡುಗನ ಬಲಗೈ ಸೋತಿದೆ. ಭುಜ, ಮೊಣಕೈ ಮಾತು ಕೇಳುತ್ತವೆ; ಬೆರಳುಗಳು ಕೇಳುವುದಿಲ್ಲ. ಬಿಕಾಂ ಓದುತ್ತಾನೆ, ಕಾರ್ ರೇಸ್ ಆಟದ ಹುಚ್ಚು. ನಾನು ಹರಿಹರದ ವರ್ಕ್‌ಶಾಪುಗಳಲ್ಲಿ ಲೇತ್ ಮೇಲೆ ಕೈ ಪಳಗಿಸಿಕೊಂಡ ಟರ್ನರ್. ಆಟ ನನಗೆ ಗೊತ್ತಿಲ್ಲ, ಗುಂಡಿ ಗೊತ್ತು. ಹೀಗಾಗಿ ಅವನು ಆಡುವಾಗ ನಾನು ಟಿವಿ ಪರದೆಯ ಕಡೆ ನೋಡುವುದಿಲ್ಲ, ಮೇಜಿನ ಕಡೆ ನೋಡುತ್ತೇನೆ.

ಸಾಧನ ಸುಮಾರು ಒಂದಡಿ ಉದ್ದದ ಬಿಳಿ ಹಲಗೆ. ಮೇಲೆ ಎರಡು ದೊಡ್ಡ ಕಪ್ಪು ಗುಂಡಿಗಳು, ಅಂಗೈಯಗಲ, ನಡುವೆ ಒಂಚೂರು ಉಬ್ಬು. ಎಲ್ಲಿ ಒತ್ತಿದರೂ ಒಪ್ಪಿಕೊಳ್ಳುತ್ತವೆ, ಅಂಚಿನಲ್ಲಿ ತಾಗಿದರೂ ಸರಿ. ಬೆರಳಿಗಾಗಿ ಮಾಡಿದ್ದಲ್ಲ ಎಂದು ನೋಡಿದರೇ ತಿಳಿಯುತ್ತದೆ. ಹುಡುಗ ಬಲಗಡೆಯ ಗುಂಡಿಯ ಮೇಲೆ ಮೊಣಕೈ ಇಟ್ಟುಕೊಂಡು ಬ್ರೇಕ್ ಹಾಕುತ್ತಾನೆ. ಒತ್ತಿದ್ದೇನೆ ಎಂಬ ತೋರಿಕೆಯೇ ಇರುವುದಿಲ್ಲ. ಮೇಜಿಗೆ ಒರಗಿ ಕೂತವನು ಸ್ವಲ್ಪ ಭಾರ ಬಿಟ್ಟ ಹಾಗೆ. ಆ ಭಾರ ಬಿಡುವುದರಲ್ಲಿ ಒಂದು ಹದ ಇದೆ. ಹರಿಹರೇಶ್ವರ ದೇವಸ್ಥಾನದ ಮಂಟಪದಲ್ಲಿ ಕಡೆದು ನಿಲ್ಲಿಸಿದ ಗುಂಡುಗಂಬಗಳಿಗೆ ಬೆನ್ನು ಕೊಟ್ಟು ಕೂತವರಿಗೆ ಅಂಥ ಉಬ್ಬು ಮೈಗೆ ಹೇಗೆ ಒಪ್ಪುತ್ತದೆಂದು ಹೇಳಬೇಕಿಲ್ಲ. 1224ರಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ ಅದು. ಕಿರ್ಲೋಸ್ಕರರ ಲೇತ್ ಕಾರ್ಖಾನೆ ಬರುವುದಕ್ಕೆ ಏಳು ಶತಮಾನ ಮೊದಲೇ ಹರಿಹರದಲ್ಲಿ ಕಡೆಯುವ ಕೆಲಸ ನಡೆದಿತ್ತು ಎಂದು ನಾವು ಟರ್ನರುಗಳು ಜಂಬ ಕೊಚ್ಚಿಕೊಳ್ಳುವುದುಂಟು.

ಆದರೆ ಈ ಸಾಧನದ ನಿಜವಾದ ಸೊಗಸು ಮುಂದಿಲ್ಲ, ಹಿಂದಿನ ಅಂಚಿನಲ್ಲಿದೆ. ಅಲ್ಲಿ ಸಾಲಾಗಿ 19 ತೂತುಗಳು. ಒಂದೊಂದೂ 3.5 ಮಿಲಿಮೀಟರ್ ಜಾಕ್, ಹಳೆಯ ಇಯರ್‌ಫೋನ್ ಪಿನ್ ಹೋಗುವಂಥದ್ದೇ. ಸಾಮಾನ್ಯ ಕಂಟ್ರೋಲರಿನಲ್ಲಿ ಇರುವ ಒಂದೊಂದು ಗುಂಡಿಗೂ ಇಲ್ಲಿ ಒಂದೊಂದು ತೂತು. ಬಗ್ಗಿ ನೋಡದೆ, ಕೈಯಾಡಿಸಿಯೇ ಪಿನ್ ಚುಚ್ಚಲು ಅನುಕೂಲವಾಗಲಿ ಎಂದು ಪ್ರತಿ ತೂತಿನ ನೇರಕ್ಕೆ ಮೇಲ್ಮೈಯಲ್ಲಿ ಒಂದು ಗೀರು ಕೊರೆದಿದ್ದಾರೆ. ನನಗೆ ಆ ಗೀರಿನ ಮೇಲೆ ಹೆಬ್ಬೆರಳು ಆಡಿಸುವುದೇ ಒಂದು ಸುಖ. ಎರಡು ಪಕ್ಕಗಳಲ್ಲಿ ಜಾಯ್‌ಸ್ಟಿಕ್ ಸಿಗಿಸಲು ಒಂದೊಂದು ಯುಎಸ್‌ಬಿ ಕಿಂಡಿ. ಇಷ್ಟೇ. ಮಿಕ್ಕಿದ್ದನ್ನು ನೀವೇ ತುಂಬಿಕೊಳ್ಳಿ ಎನ್ನುತ್ತದೆ ಸಾಧನ.

ಹಾಗೆ ತುಂಬಿಕೊಳ್ಳುವುದು ಎಷ್ಟು ಸುಲಭ ಎಂದು ತಿಳಿದ ದಿನ ನಾನು ನಿಜಕ್ಕೂ ಬೆರಗಾದೆ. ಗುಂಡಿ ಎಂದರೆ ಏನು? ಎರಡು ತಂತಿ ಕೂಡುವುದು, ಬಿಡುವುದು. ಮನೆಯ ಬಾಗಿಲ ಕಾಲಿಂಗ್ ಬೆಲ್ ಸ್ವಿಚ್ ಮಾಡುವುದೂ ಅಷ್ಟನ್ನೇ. ಅದರ ಎರಡು ತಿರುಪಿಗೆ ಎರಡು ತಂತಿ ಬಿಗಿದು, ಇನ್ನೊಂದು ತುದಿಯನ್ನು ಪಿನ್ನಿನ ಮೂತಿಗೂ ಮೈಗೂ ಬೆಸುಗೆ ಹಾಕಿ ಚುಚ್ಚಿದರೆ ಸಾಕು, ಆಟದೊಳಗಿನ ಕಾರು ಗೇರ್ ಬದಲಿಸುತ್ತದೆ. ಬೆಲ್ ಸ್ವಿಚ್ಚಿನ ಸ್ಪ್ರಿಂಗ್ ಮಾತ್ರ ಗಟ್ಟಿ, ಹತ್ತು ನಿಮಿಷದಲ್ಲಿ ಬೆರಳು ನೋಯುತ್ತದೆ. ವಿಡಿಯೊ ಗೇಮ್ ಪಾರ್ಲರಿನ ಮೆಷಿನ್ನುಗಳಲ್ಲಿ ಇರುವ 30 ಮಿಲಿಮೀಟರ್ ಗುಂಡಿ ಇದಕ್ಕಿಂತ ನೂರು ಪಾಲು ಮೇಲು. ಬೆರಳು ಮುಟ್ಟಿದ್ದೇ ಕೆಳಗಿಳಿಯುತ್ತದೆ, ಅಷ್ಟೇ ಬೇಗ ಮೇಲೆ ಬರುತ್ತದೆ. ಒಳ್ಳೆಯ ಗುಂಡಿಗೆ ಇನ್ನೇನು ಗುಣ ಬೇಕು?

ಈ ಸಾಧನದ ಹುಟ್ಟೂ ಒಂದು ವರ್ಕ್‌ಶಾಪಿನದೇ. ಕೆನ್ ಜೋನ್ಸ್ ಎಂಬ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರ್ ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರಿಗಾಗಿ ಕಂಟ್ರೋಲರುಗಳನ್ನು ಬಿಚ್ಚಿ, ಕೊರೆದು, ತಂತಿ ಹೊರಗೆಳೆದು ಕೊಡುತ್ತಿದ್ದರು. ಆ ಕೆಲಸ ಕಣ್ಣಿಗೆ ಬಿದ್ದು, ಮೈಕ್ರೋಸಾಫ್ಟ್‌ನವರು 2015ರಲ್ಲಿ ತಮ್ಮೊಳಗಿನ ಹ್ಯಾಕಥಾನಿನಲ್ಲಿ ಮೊದಲ ಮಾದರಿ ಮಾಡಿದರು. 2018ರಲ್ಲಿ ಅದು ಅಂಗಡಿಗೆ ಬಂತು.

ಇಲ್ಲಿ ನಮ್ಮ ಕಸುಬಿನ ಒಂದು ಮಾತು ಹೇಳಬೇಕು. ಪವರ್ ಪ್ರೆಸ್ ಮುಂದೆ ನಿಂತವರಿಗೆ ಗೊತ್ತು: ಒಳ್ಳೆಯ ಪ್ರೆಸ್ಸಿಗೆ ಎರಡು ಗುಂಡಿ ಇರುತ್ತವೆ, ಒಂದರಿಂದ ಒಂದು ದೂರ. ಎರಡನ್ನೂ ಅರ್ಧ ಸೆಕೆಂಡಿನ ಒಳಗೆ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಭಾರ ಇಳಿಯುತ್ತದೆ, ಒಂದನ್ನು ಬಿಟ್ಟರೂ ನಿಲ್ಲುತ್ತದೆ. ಎರಡೂ ಕೈ ಗುಂಡಿಯ ಮೇಲಿದ್ದರೆ ಡೈಯ ಕೆಳಗೆ ಕೈ ಇರುವುದಿಲ್ಲವಲ್ಲ, ಅದಕ್ಕೆ. ಎರಡು ಕೈ ಬೇಕೇ ಬೇಕೆಂದು ಹಟ ಹಿಡಿಯುವುದರಲ್ಲಿ ಆ ಯಂತ್ರಕ್ಕೆ ಒಂದು ನ್ಯಾಯವಿದೆ. ಆ ಹಟ ಬಿಟ್ಟ ಹಳೆಯ ಮೆಷಿನ್ನುಗಳು ಏನು ಮಾಡಿದವು ಎಂಬುದಕ್ಕೆ ಬೆರಳಿಲ್ಲದ ಕೈಗಳು ನಮ್ಮ ಕಡೆ ಬೇಕಾದಷ್ಟಿವೆ. ಆದರೆ ಆಟದ ಕಂಟ್ರೋಲರ್ ಯಾಕೆ ಎರಡು ಕೈ ಕೇಳಬೇಕು? ಅಲ್ಲಿ ಯಾವ ಡೈ ಇದೆ? 1977ರ ಅಟಾರಿ ಯಂತ್ರದಲ್ಲಿ ಇದ್ದದ್ದು ಒಂದು ಕೋಲು, ಒಂದು ಕೆಂಪು ಗುಂಡಿ. 1997ರ ಹೊತ್ತಿಗೆ ಸೋನಿಯ ಡ್ಯುಯಲ್‌ಶಾಕ್ ಎರಡು ಹೆಬ್ಬೆರಳಿಗೆ ಎರಡು ಕೋಲು ಕೊಟ್ಟಿತು, ಮಿಕ್ಕ ಬೆರಳುಗಳನ್ನೂ ಕೆಲಸಕ್ಕೆ ಹಚ್ಚಿತು. ಒಂದೊಂದು ಬೆರಳನ್ನೂ ಯಾರೋ ಸೇರಿಸುತ್ತ ಬಂದರು, ಅದೇ ರೂಢಿಯಾಯಿತು. ಅಪಾಯ ತಪ್ಪಿಸಲು ಕೇಳಿದ್ದಲ್ಲ, ಕೇಳಿದರೆ ಕೊಡುತ್ತಾರೆಂದು ಕೇಳಿದ್ದು.

ಹಾಗೆಂದು ಎಲ್ಲರೂ ಈ ರೂಢಿಗೆ ತಲೆಬಾಗಲಿಲ್ಲ. 1989ರಲ್ಲಿಯೇ ನಿಂಟೆಂಡೊ ಕಂಪನಿ ಕೈಯೇ ಬೇಡದ ಕಂಟ್ರೋಲರ್ ಮಾಡಿತ್ತು. ಎದೆಗೆ ಕಟ್ಟಿಕೊಂಡು, ಗದ್ದದಿಂದ ಕೋಲು ತಿರುಗಿಸಿ, ಕೊಳವೆಯಲ್ಲಿ ಉಸಿರು ಎಳೆದರೆ ಒಂದು ಗುಂಡಿ, ಊದಿದರೆ ಇನ್ನೊಂದು. ಜಪಾನಿನ ಆಸ್ಕಿ ಕಂಪನಿಯ ‘ಆಸ್ಕಿ ಗ್ರಿಪ್’ ಮತ್ತೂ ತಮಾಷೆಯದು. ಅದು ಒಂದು ಕೈಯ ಕಂಟ್ರೋಲರೇ, ಆದರೆ ಗಂಟೆಗಟ್ಟಲೆ ಕಥೆಯಾಟ ಆಡುವ ಎರಡು ಕೈಯವರೂ ಅದನ್ನು ಮೆಚ್ಚಿಕೊಂಡರು. ಇನ್ನೊಂದು ಕೈ ತಿಂಡಿಗೋ ಪುಸ್ತಕಕ್ಕೋ ಬಿಡುವಾಗಿರುತ್ತದಲ್ಲ! ಒಗ್ಗರಣೆ ಮಂಡಕ್ಕಿ ಮೆಣಸಿನಕಾಯಿಯ ನಮ್ಮೂರಿಗೆ ಇದಕ್ಕಿಂತ ಹೊಂದುವ ಸಾಧನ ಸಿಗಲಿಕ್ಕಿಲ್ಲ.

ಸೋನಿಯ ಆಕ್ಸೆಸ್ ಕಂಟ್ರೋಲರ್ 2023ರ ಡಿಸೆಂಬರಿನಲ್ಲಿ ಬಂತು. ದುಂಡಗಿನ ಬಿಲ್ಲೆ, ಸುತ್ತ ಎಂಟು ಗುಂಡಿ, ಪಕ್ಕಕ್ಕೆ ಚಾಚಿದ ಒಂದು ಕೋಲು. ಗುಂಡಿಯ ಟೋಪಿಗಳನ್ನು ಕಿತ್ತು ಬೇರೆ ಆಕಾರದವು ಹಾಕಬಹುದು, ಕೋಲನ್ನು ದೂರ ಹತ್ತಿರ ಮಾಡಬಹುದು, ಬಿಲ್ಲೆಯನ್ನು ಯಾವ ದಿಕ್ಕಿಗೆ ತಿರುಗಿಸಿಟ್ಟರೂ ಅದಕ್ಕೆ ‘ಮೇಲೆ’ ಯಾವುದು ಎಂದು ಹೇಳಿಕೊಡಬಹುದು. ಚಂದವಿದೆ. ಆದರೂ ನನ್ನ ಒಲವು ಮೈಕ್ರೋಸಾಫ್ಟ್‌ನ ಹಲಗೆಯ ಕಡೆಗೇ. ಬಿಲ್ಲೆ ಬಹುಮಟ್ಟಿಗೆ ತನ್ನೊಳಗೇ ಮುಗಿದುಹೋಗಿದೆ. ಹಲಗೆ ಅರ್ಧಕ್ಕೆ ನಿಂತು ನಮಗಾಗಿ ಕಾಯುತ್ತದೆ.

ಇವೆರಡಕ್ಕಿಂತಲೂ ನನ್ನ ಮನಸ್ಸು ಕದ್ದದ್ದು ಒಂದು ಪ್ಲಾಸ್ಟಿಕ್ ಸನ್ನೆ. ಅಕಾಕಿ ಕೂಮೆರಿ ಎಂಬ ಫಿನ್ಲೆಂಡಿನ ವಿನ್ಯಾಸಕಾರ 2021ರಲ್ಲಿ ತೋರಿಸಿದ್ದು. ಇದರಲ್ಲಿ ವಿದ್ಯುತ್ ಇಲ್ಲ, ತಂತಿ ಇಲ್ಲ. ಮಾಮೂಲಿ ಕಂಟ್ರೋಲರಿಗೆ ತ್ರೀಡಿ ಪ್ರಿಂಟರಿನಲ್ಲಿ ತೆಗೆದ ಕೆಲವು ತುಂಡು ಸಿಗಿಸುತ್ತೀರಿ. ಕೈ ತಲುಪದ ಕಡೆಯ ಕೋಲಿಗೆ ಒಂದು ಕಾಲು ಬರುತ್ತದೆ. ಆ ಕಾಲನ್ನು ತೊಡೆಯ ಮೇಲೆ ಊರುತ್ತೀರಿ. ಈಗ ಕೋಲು ಅಲುಗುವುದಿಲ್ಲ, ಅದು ತೊಡೆಯಲ್ಲಿ ನೆಟ್ಟಿದೆ. ಅಲುಗುವುದು ಕಂಟ್ರೋಲರಿನ ಮೈ. ಇರುವ ಒಂದು ಕೈಯಲ್ಲಿ ಇಡೀ ಕಂಟ್ರೋಲರನ್ನು ಎಡಕ್ಕೆ ಬಲಕ್ಕೆ ವಾಲಿಸಿದರೆ ಆ ದೂರದ ಕೋಲು ತಿರುಗಿದಂತೆಯೇ. ಆ ಕಡೆಯ ಗುಂಡಿಗಳನ್ನು ಒತ್ತಲು ಈ ಕಡೆಗೆ ಸಣ್ಣ ಸನ್ನೆಗಳು ಬಂದಿವೆ. ಲೇತಿನಲ್ಲಿ ಉಳಿ ನಿಂತಿರುತ್ತದೆ, ಕೆಲಸದ ತುಂಡು ತಿರುಗುತ್ತದೆ. ಮರಗೆಲಸದವರ ಬೈರಿಗೆಯಲ್ಲಿ ತಿರುಗುವುದು ಉಳಿಯೇ. ಯಾವುದು ನಿಲ್ಲಬೇಕು, ಯಾವುದು ತಿರುಗಬೇಕು ಎಂಬುದನ್ನು ಅದಲುಬದಲು ಮಾಡುವವನೇ ನಿಜವಾದ ಕಸುಬುದಾರ. ತೊಡೆಯನ್ನು ಎರಡನೆಯ ಕೈ ಮಾಡಿಬಿಟ್ಟ ಈ ಪುಣ್ಯಾತ್ಮ ಅದರ ನಕ್ಷೆಗಳನ್ನು ಯಾರು ಬೇಕಾದರೂ ಪ್ರಿಂಟ್ ಮಾಡಿಕೊಳ್ಳಲೆಂದು ಬಿಟ್ಟಿದ್ದಾನೆ.

ಆಟ ಬಿಟ್ಟು ಒಂದೇ ಕೈಯಲ್ಲಿ ಕುಟ್ಟುವ ಕೀಬೋರ್ಡ್ ವಿಚಾರಕ್ಕೆ ಬಂದರೆ, ಕನ್ನಡದವರಾದ ನಮಗೆ ಒಂದು ಪ್ರತ್ಯೇಕ ತಾಪತ್ರಯ ಇದೆ, ಶಿಫ್ಟ್ ಕೀಲಿಯದು. ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ, ಅಂದರೆ ನಾವು ನುಡಿ ತಂತ್ರಾಂಶದಲ್ಲಿ ಕುಟ್ಟುವ ಕೀಲಿಮಣೆಯಲ್ಲಿ, ದೀರ್ಘಕ್ಕೆ ಶಿಫ್ಟ್ ಬೇಕು, ಮಹಾಪ್ರಾಣಕ್ಕೆ ಬೇಕು, ಸೊನ್ನೆಗೂ ಬೇಕು. ‘ಆನೆಕೊಂಡ’ ಎಂಬ ನಮ್ಮ ಪುಟ್ಟ ಹೆಸರಿಗೇ ಶಿಫ್ಟ್ ಎರಡು ಸಲ: ಮೊದಲು ‘ಆ’ಗೆ, ಆಮೇಲೆ ‘ಡ’ದ ಹಿಂದಿನ ಸೊನ್ನೆಗೆ. ಎಡಗೈಯೊಂದರಲ್ಲೇ ಕುಟ್ಟುವವನು ‘ಆ’ ಬರೆಯಲು ಕಿರುಬೆರಳಿನಲ್ಲಿ ಶಿಫ್ಟ್ ಹಿಡಿದು ಉಂಗುರ ಬೆರಳನ್ನು ಡೊಂಕು ಮಾಡಬೇಕು. ಸೊನ್ನೆಗೆ ಅಂಗೈಯನ್ನೇ ಹರಿಯಬೇಕು. ಕಂಪ್ಯೂಟರಿನೊಳಗಿನ ಸ್ಟಿಕಿ ಕೀಸ್ ಎಂಬ ಸೌಲಭ್ಯ ಇದನ್ನು ಮುಗಿಸುತ್ತದೆ: ಶಿಫ್ಟನ್ನು ಐದು ಸಲ ತಟ್ಟಿ ಒಪ್ಪಿಗೆ ಕೊಟ್ಟರೆ ಸಾಕು, ಆಮೇಲೆ ಅದನ್ನು ಹಿಡಿದಿಡಬೇಕಿಲ್ಲ, ಒತ್ತಿ ಬಿಟ್ಟು ಅಕ್ಷರ ಒತ್ತಿದರಾಯಿತು. ಎಷ್ಟೋ ಜನ ಅಕಸ್ಮಾತ್ ಅದು ಪರದೆಗೆ ಬಂದಾಗ ಶಾಪ ಹಾಕಿ ಮುಚ್ಚುತ್ತಾರೆ. ನಮ್ಮ ಹುಡುಗ ಬಿಕಾಂ ನೋಟ್ಸ್ ಎಲ್ಲ ಟೈಪ್ ಮಾಡುವುದು ಅದರಲ್ಲೇ. ಟೊರಾಂಟೊದ ಎಡ್ಗರ್ ಮಟಾಯಸ್ ಮಾಡಿದ ‘ಹಾಫ್ ಕ್ವರ್ಟಿ’ ಇನ್ನೂ ಜಾಣತನದ್ದು: ಸ್ಪೇಸ್ ಪಟ್ಟಿ ಒತ್ತಿಹಿಡಿದರೆ ಬಲಗಡೆಯ ಅಕ್ಷರಗಳೆಲ್ಲ ಕನ್ನಡಿಯ ಬಿಂಬದ ಹಾಗೆ ಎಡಗೈಯ ಕೆಳಗೆ ಬರುತ್ತವೆ.

ಹೆಬ್ಬೆರಳಿಗೆ ಹನ್ನೆರಡು ಗುಂಡಿ ಹೇರಿದ ರೇಜರ್ ನಾಗ ಮೌಸ್ ಬಗ್ಗೆ ಹೆಚ್ಚು ಹೇಳಲಾರೆ. ಒಂದು ಬೆರಳಿನ ಮೇಲೆ ಅಷ್ಟು ಹೊರೆ ಹೊರಿಸುವುದು ರಸಿಕನ ಲಕ್ಷಣವಲ್ಲ.

ಮೇಲ್ಮಹಡಿಗೆ ಬಂದ ನೆಂಟರು ಹುಡುಗ ಆಡುವುದನ್ನು ನೋಡಿ ‘ಪಾಪ’ ಎನ್ನುತ್ತಾರೆ. ಆ ಮಾತು ನನಗೆ ಸೇರುವುದಿಲ್ಲ. ಮೈಸೂರಿನಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ ಅವರ ಬಲಗೈಯನ್ನು ಪೋಲಿಯೊ ಸಣ್ಣದು ಮಾಡಿತ್ತು. ಫೀಲ್ಡಿಂಗ್ ಮಾಡಿ ಎಸೆಯುವುದು ಎಡಗೈಯಲ್ಲಿ. ಬೌಲಿಂಗ್ ಮಾತ್ರ ಆ ಸೋತ ಕೈಯಲ್ಲೇ. 58 ಟೆಸ್ಟುಗಳಲ್ಲಿ 242 ವಿಕೆಟ್. 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತಾಗ ರೇಡಿಯೊ ಮುಂದೆ ಕೂತಿದ್ದ ಯಾರೂ ‘ಪಾಪ’ ಎನ್ನಲಿಲ್ಲ, ‘ಎಂಥಾ ಬಾಲು’ ಎಂದರು. (ಬ್ಯಾಟಿಂಗ್‌ನಲ್ಲಿ ಅವರು ಗಳಿಸಿದ್ದು ಒಟ್ಟು 167 ರನ್, ಅದಕ್ಕೆ ಬೇಕಾದರೆ ‘ಪಾಪ’ ಎನ್ನಿ.) ಕೈ ಎಂಥದ್ದು ಎಂಬುದು ಕಥೆ, ಚೆಂಡು ಎಲ್ಲಿ ಬಿತ್ತು, ಎತ್ತ ತಿರುಗಿತು ಎಂಬುದು ರಸ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸಂಸ್ಕೃತಿ, ಮನರಂಜನೆಗೂ ಒಂದು ಕಲಮು ಇದೆ. ಆದರೂ ಸಹಾಯದ ಸಲಕರಣೆ ಎಂದಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಗಾಲಿಕುರ್ಚಿ, ಊರುಗೋಲು, ಶ್ರವಣಯಂತ್ರ. ಆಟದ ಗುಂಡಿ ಆ ಪಟ್ಟಿಯ ಹತ್ತಿರವೂ ಸುಳಿಯುವುದಿಲ್ಲ.

ಸಾಧನದಲ್ಲಿ ಕುಂದಿಲ್ಲವೆಂದಲ್ಲ. ಆ ದೊಡ್ಡ ಗುಂಡಿಗಳು ಒತ್ತಿದಾಗಲೆಲ್ಲ ಟಕ್ ಎನ್ನುತ್ತವೆ. ರಾತ್ರಿ ಹತ್ತರ ಮೇಲೆ ಹುಡುಗನ ಅಜ್ಜಿ, ‘ಏನೋ ತಮ್ಮಾ ಅದು, ಅಡಿಕೆ ಕುಟ್ಟಿದಂಗೆ’ ಎಂದು ಗದರುತ್ತಾರೆ. ಇನ್ನೊಂದು ದೊಡ್ಡ ಕೊರತೆ, ಬೆಲ್ ಸ್ವಿಚ್ಚಿನಂಥ ಗುಂಡಿಯಿಂದ ಕಾರು ಓಡಿಸಿದರೆ ಒಂದೋ ಪೂರ್ತಿ ವೇಗ, ಇಲ್ಲವೇ ಏನೂ ಇಲ್ಲ. ಒತ್ತಿದಷ್ಟು ಮಾತ್ರ ಓಡಬೇಕಾದರೆ ಒತ್ತಡ ಅಳೆಯುವ ಟ್ರಿಗರ್ ಬೇಕು. ಲಾಜಿಟೆಕ್‌ನವರು 2019ರಲ್ಲಿ ತಂದ ಕಿಟ್ಟಿನಲ್ಲಿರುವ 12 ಬಿಡಿಭಾಗಗಳ ಪೈಕಿ ಅಂಥವು ಎರಡು. ಈ ಸಲ ಅತ್ತೆ ಅದನ್ನೂ ತಂದಳು. ಹುಡುಗನೂ ನಾನೂ ತಕರಾರಿಗೆ ಬಿದ್ದದ್ದು ಅಲ್ಲಿಂದಲೇ. ನಾನು ಆಕ್ಸಿಲರೇಟರ್ ಕಾಲಡಿ ಇರಲಿ ಎಂದೆ, ಕಾರಿನಲ್ಲಿ ಇರುವುದೇ ಅಲ್ಲಿ. ಅದಕ್ಕೊಂದು ತಗಡಿನ ಪೆಡಲ್ ಬಾಗಿಸಿ, ಹಿಂಜಿ ಹಾಕಿ, ಅಡಿಗೆ ರಬ್ಬರ್ ಕೂರಿಸಿ ತಂದೆ. ಅವನು ಎರಡು ಸುತ್ತು ಓಡಿಸಿ ತೆಗೆದಿಟ್ಟ.

‘ಕಾಲಿಗೆ ಬೇಡ ಮಾವ. ಕಾಲು ದಪ್ಪ ಕಿವಿ, ಹೇಳಿದ್ದು ತಡವಾಗಿ ಕೇಳುತ್ತೆ. ಮೊಣಕೈಗೇ ಹಾಕಿ, ಬ್ರೇಕ್ ಕಾಲಿಗೆ ಕೊಡೋಣ.’

‘ಮೊಣಕೈಲಿ ಅರ್ಧಂಬರ್ಧ ಒತ್ತೋಕೆ ಆಗುತ್ತೇನೋ?’

‘ನಿಮಗೆ ಆಗಲ್ಲ. ನನಗೆ ಹತ್ತೊಂಬತ್ತು ವರ್ಷದ ಪ್ರಾಕ್ಟೀಸ್ ಐತಿ.’

ಟ್ರಿಗರಿನ ಮೇಲೆ ಮೊಣಕೈ ಜಾರದಂತೆ ಕೂರಲು ನಡು ತಗ್ಗಿದ ಒಂದು ಬಟ್ಟಲು ಬೇಕಾಗಿದೆ. ನೈಲಾನ್ ರಾಡ್ ತಂದಿದ್ದೇನೆ. ತಗ್ಗು ಆರು ಮಿಲಿಮೀಟರ್ ಸಾಕು ಎನ್ನುತ್ತಾನೆ ಅವನು. ನಾನು ಎಂಟಕ್ಕೆ ಕಡಿಮೆ ಕಡೆಯುವವನಲ್ಲ.