ಹುತ್ತ ಗೆದ್ದಲಿನದು, ಹೆಸರು ಹಾವಿನದು

ಮೌಲ್ಯಮಾಪನಕ್ಕೆಂದು ನನ್ನ ಮೇಜಿಗೆ ಬರುವ ಎಂ.ಎಸ್ಸಿ. ಪ್ರಾಜೆಕ್ಟ್ ವರದಿಗಳಲ್ಲಿ ಪ್ರತಿವರ್ಷ ಒಂದಾದರೂ ಸಮುದ್ರದ ಸ್ಪಂಜಿನದಾಗಿರುತ್ತದೆ. ಸ್ಪಂಜನ್ನು ಅರೆದು ಅಗರ್ ತಟ್ಟೆಗೆ ಸವರುವುದು, ಬೆಳೆದ ಬ್ಯಾಕ್ಟೀರಿಯಾದ ಸಾರದಲ್ಲಿ ಕಾಗದದ ಬಿಲ್ಲೆ ಅದ್ದಿ ರೋಗಾಣುಗಳ ಹಾಸಿನ ಮೇಲಿಡುವುದು. ಮರುದಿನ ಬಿಲ್ಲೆಯ ಸುತ್ತ ತಿಳಿಯಾದೊಂದು ಬಳೆ ಮೂಡಿರುತ್ತದೆ. ಅದಕ್ಕೆ ಸ್ಕೇಲು ಹಿಡಿದು ‘14 ಮಿ.ಮೀ.’ ಎಂದು ಬರೆದರೆ ಕೆಲಸ ಮುಗಿಯಿತು. ಕೊನೆಯ ಪುಟದಲ್ಲಿ ಕ್ಯಾನ್ಸರಿಗೂ ಮದ್ದು ಸಿಗುವ ಭರವಸೆ.

ಬಳೆ ಸುಳ್ಳಲ್ಲ, ಅದರ ಮೇಲೆ ಹೊರಿಸಿದ ಮಾತು ಭಾರ. ಸ್ಪಂಜು ದಿನವಿಡೀ ಕಡಲ ನೀರು ಸೋಸಿ ಬದುಕುವ ಪ್ರಾಣಿ. ತಟ್ಟೆಯಲ್ಲಿ ಬೆಳೆದದ್ದು ಅದರ ಮೈಯಲ್ಲೇ ಒಕ್ಕಲು ಹೂಡಿದ ಬ್ಯಾಕ್ಟೀರಿಯಾವೋ, ನೀರಿನ ಜೊತೆ ಬಂದ ದಾರಿಹೋಕನೋ ಎಂಬುದನ್ನು ಬಳೆ ಹೇಳಲಾರದು. ಕೆಲವು ಸ್ಪಂಜುಗಳ ಮೈಯಲ್ಲಿ ಮೂರನೇ ಒಂದು ಪಾಲು ಬ್ಯಾಕ್ಟೀರಿಯಾವೇ ಇರುತ್ತದೆ. ಆದರೆ ಆ ಒಕ್ಕಲುಗಳಲ್ಲಿ ಬಹುಪಾಲು ನಮ್ಮ ಅಗರಿನ ಮೇಲೆ ಕಣ್ಣೇ ತೆರೆಯುವುದಿಲ್ಲ.

ಹಾಗಾದರೆ ಸ್ಪಂಜಿನಲ್ಲಿ ಸಿಗುವ ವಸ್ತು ನಿಜಕ್ಕೂ ಯಾರ ಕೈಕೆಲಸ ಎಂಬ ಪ್ರಶ್ನೆಗೆ ಕೈಹಾಕುವ ಬಗೆ ಹೇಗೆಂದು ಕೇಳುವವರಿಗೆ ನಾನು ಕೊಡುವುದು ಥಿಯೊನೆಲ್ಲಾ ಸ್ವಿನ್‌ಹೋಯಿ ಎಂಬ ಒಂದೇ ಸ್ಪಂಜಿನ ಕಥೆ. 1996ರಲ್ಲಿ ಬ್ಯೂಲಿ, ಹಾಲೆಂಡ್, ಫಾಕ್ನರ್ ಮೂವರು ಪಲಾವು ದ್ವೀಪದ ಈ ಸ್ಪಂಜನ್ನು ಬಿಡಿಸಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಜೀವಕೋಶಗಳನ್ನು ಜಾತಿವಾರು ಬೇರ್ಪಡಿಸಿದರು. ಸ್ವಿನ್‌ಹೋಲೈಡ್ ಎಂಬ ವಿಷ ನೀಲಿ-ಹಸಿರು ಬ್ಯಾಕ್ಟೀರಿಯಾದ ಕೈಕೆಲಸ ಎಂದು ಆಗ ಹಲವರು ನಂಬಿದ್ದರು. ಅದು ಸಿಕ್ಕಿದ್ದು ಬೇರೊಂದು ಗುಂಪಿನ ಏಕಕೋಶ ಬ್ಯಾಕ್ಟೀರಿಯಾದಲ್ಲಿ. ಅದೇ ಸ್ಪಂಜಿನ ಥಿಯೊಪಲಾವಮೈಡ್ ಎಂಬ ವಸ್ತು ಮಾತ್ರ ದಾರದಂತೆ ಉದ್ದಕ್ಕಿದ್ದ ಇನ್ನೊಂದರಲ್ಲಿ ಸಿಕ್ಕಿತು. ಅಚ್ಚುಕಟ್ಟಾದ ಕೆಲಸ, ಆದರೂ ಅರ್ಧ ಪುರಾವೆ. ಕಣಜದಲ್ಲಿ ಭತ್ತ ಸಿಕ್ಕಿತೆಂದು ಬೆಳೆದವನು ಆ ಮನೆಯವನೇ ಎನ್ನಲಾಗದು.

ಉಳಿದರ್ಧಕ್ಕೆ ಜೀನುಗಳೇ ಸಾಕ್ಷಿ ಹೇಳಬೇಕಾಯಿತು. ಯೋರ್ನ್ ಪೀಲ್ ಮತ್ತು ಸಂಗಡಿಗರು 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ ಈ ಕ್ಷೇತ್ರದಲ್ಲಿ ನಾನು ಓದಿದ್ದರಲ್ಲಿ ಅತ್ಯುತ್ತಮವಾದದ್ದು. ಜಪಾನಿನ ಹಚಿಜೊ ದ್ವೀಪದ, ಒಳಗೆ ಹಳದಿಯಿರುವ ಥಿಯೊನೆಲ್ಲಾದಿಂದ ಅವರು ಆ ದಾರದಂಥ ಬ್ಯಾಕ್ಟೀರಿಯಾವನ್ನು ಬಿಡಿಸಿ ಅದರ ಜೀನೋಮ್ ಓದಿದರು. ಒಂಬತ್ತು ದಶಲಕ್ಷಕ್ಕೂ ಹೆಚ್ಚು ಅಕ್ಷರಗಳು, ನಮ್ಮ ಕರುಳಿನ ಇ. ಕೊಲೈಗೆ ಹೆಚ್ಚುಕಡಿಮೆ ಎರಡರಷ್ಟು. ಆ ಸ್ಪಂಜಿನ ಹೆಸರಿನಲ್ಲಿ ದಶಕಗಳಿಂದ ದಾಖಲಾಗಿದ್ದ ಪಾಲಿಕೀಟೈಡ್ ಮತ್ತು ಪೆಪ್ಟೈಡ್‌ಗಳಲ್ಲಿ ಒಂದನ್ನು ಬಿಟ್ಟರೆ ಉಳಿದೆಲ್ಲದರ ಜೀನುಗಳು ಎಂಟೊಥಿಯೊನೆಲ್ಲಾ ಎಂಬ ಈ ಒಂದೇ ಕುಲದಲ್ಲಿ ಸಿಕ್ಕವು. ಬರಿಯ ಜೀನು ತೋರಿಸಿ ಕೈತೊಳೆದುಕೊಂಡವರೂ ಇವರಲ್ಲ. ಜೀವಕೋಶದ ಪೊರೆಗೆ ತೂತು ಕೊರೆಯುವ ಪಾಲಿಥಿಯೊನಮೈಡ್‌ನ ಕೆಲವು ಕಿಣ್ವಗಳನ್ನು 2012ರಲ್ಲೇ ಇ. ಕೊಲೈಯೊಳಗೆ ದುಡಿಸಿ ತೋರಿಸಿದ್ದರು.

ನನ್ನ ತಕರಾರಿರುವುದು ಇಂಥ ಕೆಲಸದ ಸುತ್ತ ಹಬ್ಬಿದ ಭರವಸೆಯ ಬಗ್ಗೆ. ಬ್ಯಾಕ್ಟೀರಿಯಾ ಸಿಕ್ಕಿತು, ಇನ್ನು ಔಷಧಿಯ ಕಾರ್ಖಾನೆಯೂ ಸಿಕ್ಕಂತೆಯೇ ಎಂಬ ಮಾತು ಬೇಗ ಹುಟ್ಟಿಕೊಳ್ಳುತ್ತದೆ. ಎಂಟೊಥಿಯೊನೆಲ್ಲಾದ ಹೆಸರಿನ ಮೊದಲಿಗೆ ‘ಕ್ಯಾಂಡಿಡಾಟಸ್’ ಎಂಬ ಪದ ಅಂಟಿಕೊಂಡಿರುವುದೇ ಅದನ್ನು ಯಾರೂ ಶುದ್ಧವಾಗಿ ಬೆಳೆಸಿಲ್ಲ ಎಂಬುದಕ್ಕೆ. ಅತ್ತ ಸ್ಪಂಜಿನ ಜಾಡು ಹಿಡಿದು ನಿಜವಾಗಿ ಆಸ್ಪತ್ರೆ ತಲುಪಿದ ಎರಿಬುಲಿನ್‌ನ ದಾರಿಯೇ ಬೇರೆ. 1980ರ ದಶಕದಲ್ಲಿ ಜಪಾನಿನ ಉಎಮುರಾ ತಂಡ 600 ಕಿಲೋ ಸ್ಪಂಜು ಜಾಲಾಡಿ ಪಡೆದದ್ದು 12.5 ಮಿಲಿಗ್ರಾಂ ಹಾಲಿಕಾಂಡ್ರಿನ್ ಬಿ, ನಾಲ್ಕಾರು ಸಾಸಿವೆ ಕಾಳಿನ ತೂಕ. ಅದನ್ನು ಸರಳಗೊಳಿಸಿ ಎರಿಬುಲಿನ್ ಮಾಡಿದವರು ರಸಾಯನಶಾಸ್ತ್ರಜ್ಞರು, ಪ್ರಯೋಗಾಲಯದ ಗಾಜಿನ ಪಾತ್ರೆಗಳಲ್ಲಿ, ಅರವತ್ತಕ್ಕೂ ಹೆಚ್ಚು ಹಂತಗಳಲ್ಲಿ. 2010ರಲ್ಲಿ ಅಮೆರಿಕದಲ್ಲಿ ಸ್ತನ ಕ್ಯಾನ್ಸರಿಗೆ ಅನುಮತಿ ಪಡೆದ ಈ ಮದ್ದು ತಯಾರಾದದ್ದು ಯಾವ ಬ್ಯಾಕ್ಟೀರಿಯಾದ ನೆರವೂ ಇಲ್ಲದೆ.

ಆದ್ದರಿಂದ ಮಾರ್ಗದರ್ಶಕರಲ್ಲಿ ಒಂದು ಕೋರಿಕೆ. ಬಳೆ ಅಳೆಯಿರಿ, ಬೇಡವೆನ್ನುವುದಿಲ್ಲ. ಆದರೆ ಸ್ಪಂಜು ಕಿತ್ತ ಜಾಗದ ಬರಿಯ ನೀರನ್ನೂ ಇನ್ನೊಂದು ತಟ್ಟೆಗೆ ಸವರಿಸಿ. ಎರಡರಲ್ಲೂ ಅದೇ ಬ್ಯಾಕ್ಟೀರಿಯಾ ಬೆಳೆದರೆ ವರದಿಯ ಶೀರ್ಷಿಕೆಯಿಂದ ಸ್ಪಂಜಿನ ಹೆಸರು ತೆಗೆಸಿಬಿಡಿ.