ಪಗಾರ ಏರಿದರೆ ವಿಮೆ ತಪ್ಪಿತು

ಹುಮನಾಬಾದ್ ಕೈಗಾರಿಕಾ ಪ್ರದೇಶದಲ್ಲಿ ತಿಂಗಳಿಗೆ 20,900 ರೂಪಾಯಿ ದುಡಿಯುವವನ ಪಗಾರ ಚೀಟಿಯಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಎಂದು ಹಿಡಿಯುವುದು 157 ರೂಪಾಯಿ. ಮಾಲೀಕ ಕಟ್ಟುವುದು 680. ಇಷ್ಟರಲ್ಲೇ ಅವನಿಗೆ, ಹೆಂಡತಿ ಮಕ್ಕಳಿಗೆ, ಅವನನ್ನೇ ನಂಬಿದ ತಂದೆ ತಾಯಿಗೆ ಚಿಕಿತ್ಸೆ. ಸಕ್ಕರೆ ಕಾಯಿಲೆ ಮೊದಲೇ ಇತ್ತೇ ಎಂದು ಯಾರೂ ಕೇಳುವುದಿಲ್ಲ, ವಯಸ್ಸು ನೋಡಿ ಕಂತು ಏರಿಸುವುದಿಲ್ಲ. ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಪಗಾರದ ಶೇ 70 ಸಿಗುತ್ತದೆ. ದುಡಿಮೆಗೆ ತಕ್ಕ ವಂತಿಗೆ, ರೋಗಕ್ಕೆ ತಕ್ಕ ಚಿಕಿತ್ಸೆ: 1948ರ ಕಾಯ್ದೆಯಿಂದ ಹುಟ್ಟಿದ ಇಎಸ್‌ಐಯಷ್ಟು ನ್ಯಾಯವಾದ ವಿಮೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆದರೆ ಅದರ ಗೆರೆ 21,000ಕ್ಕೆ ನಿಂತಿದೆ. 2017ರ ಜನವರಿಯಲ್ಲಿ ಎಳೆದ ಗೆರೆ ಅದು. ಅಲ್ಲಿಂದೀಚೆಗೆ ಎಣ್ಣೆ, ಬೇಳೆ, ಬಾಡಿಗೆ ಎಲ್ಲಿಗೆ ಹೋದವು! ಪಗಾರ 21,500 ಆಯಿತೆಂದರೆ, ನಡೆಯುತ್ತಿರುವ ಆರು ತಿಂಗಳ ಅವಧಿ ಮುಗಿದ ಮೇಲೆ ಕಂತು ನಿಲ್ಲುತ್ತದೆ. ಕೆಲವು ತಿಂಗಳಿಗೆ ದವಾಖಾನೆಯ ಹಕ್ಕೂ ಹೋಗುತ್ತದೆ. ಏರಿದ 600 ರೂಪಾಯಿಯಲ್ಲಿ ವಯಸ್ಸಾದ ತಾಯಿಗೆ ಖಾಸಗಿ ಪಾಲಿಸಿ ಕೊಳ್ಳಲಾದೀತೆ? 2025ರ ಸೆಪ್ಟೆಂಬರ್‌ನಲ್ಲಿ ವೈಯಕ್ತಿಕ ಪಾಲಿಸಿಗಳ ಮೇಲಿನ ಶೇ 18 ಜಿಎಸ್‌ಟಿ ತೆಗೆದದ್ದು ಒಳ್ಳೆಯದೇ, ಆದರೆ ಕಂತು ವಯಸ್ಸಿನ ಜೊತೆ ಏರುವುದು ತಪ್ಪಲಿಲ್ಲ. ಕಂಪನಿಯೇ ಮಾಡಿಸುವ ಗುಂಪು ವಿಮೆ ನೌಕರಿ ಬಿಟ್ಟ ದಿನವೇ ಕೈಬಿಡುತ್ತದೆ. ಗುತ್ತಿಗೆದಾರನ ಕೈಕೆಳಗೆ ಬಿಟ್ಟು ಬಿಟ್ಟು ದುಡಿಯುವವನ ಪಾಡು ಬೇರೆ: ಆರು ತಿಂಗಳಲ್ಲಿ 78 ದಿನದ ಕಂತು ಕೂಡದಿದ್ದರೆ ಕಾಯಿಲೆಯ ಭತ್ಯೆ ಇಲ್ಲ. ದೊಡ್ಡ ಇಎಸ್‌ಐ ಆಸ್ಪತ್ರೆ ಇರುವುದೋ ಕಲಬುರಗಿಯಲ್ಲಿ. ಹೋಗಿಬರಲು ಒಂದು ದಿನದ ಹಾಜರಿ ಹೋಗುತ್ತದೆ.

ಹುಮನಾಬಾದ್ ಮೂಲಕ ಹೋಗುವ ಹೆದ್ದಾರಿಯ ಬದಿಯ ಬಸವಕಲ್ಯಾಣದಲ್ಲಿ ಲಾರಿ ರಿಪೇರಿಯ ಶೆಡ್ಡುಗಳು. ಒಂದೊಂದರಲ್ಲಿ ನಾಲ್ಕೈದು ಜನ. ಹತ್ತು ಜನರಿಲ್ಲದ ಕಡೆ ಇಎಸ್‌ಐ ಕಡ್ಡಾಯವಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ ಉಂಟು. ಅದು ದೊಡ್ಡ ಆಸರೆ. ಇದಕ್ಕೂ ಮುಂಚಿನ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಆರಂಭವಾದದ್ದೇ ನಮ್ಮ ಆಗಿನ ಗುಲಬರ್ಗಾ, ಈಗಿನ ಕಲಬುರಗಿ ವಿಭಾಗದಲ್ಲಿ. ದುಡ್ಡಿಲ್ಲದೆ ಹೃದಯದ ಆಪರೇಷನ್ ಆಗಬಹುದೆಂದು ಇಲ್ಲಿನ ಬಡವರು ಆಗಲೇ ಕಂಡಿದ್ದರು. ಆದರೆ ತಪ್ಪಿದ ಕೂಲಿಗೆ ಕಾರ್ಡಿನಲ್ಲಿ ಏನೂ ಇಲ್ಲ.

ವೆಲ್ಡಿಂಗ್ ಕಿಡಿ ಕಣ್ಣಿಗೆ ಬಿತ್ತೆನ್ನಿ. ಹುಮನಾಬಾದಿನಲ್ಲಿ ಇಎಸ್‌ಐ ಇದ್ದವನಿಗೆ ಕೆಲಸದಲ್ಲಾದ ಗಾಯವೆಂದು ಪಗಾರದ ಶೇ 90 ಬರುತ್ತದೆ. ಬಸವಕಲ್ಯಾಣದ ಶೆಡ್ಡಿನವನು ಕಣ್ಣಿಗೆ ಹತ್ತಿಪಟ್ಟಿ ಕಟ್ಟಿಕೊಂಡು ಮನೆಯಲ್ಲಿ ಕೂರುತ್ತಾನೆ. ಮಾಲೀಕ ಒಳ್ಳೆಯವನಾದರೆ ಎರಡು ಸಾವಿರ ಕಳಿಸುತ್ತಾನೆ, ವಹಿಯಲ್ಲಿ ಮುಂಗಡ ಎಂದು ಬರೆದುಕೊಂಡು.